ಕಣ್ಣಿಗೆ ಹೂ ಬಿದ್ದಾಗ ಮುಲಾಮಿನ ಟ್ಯೂಬ್‌ಗಿಂತ ಮೊದಲು

‘ಸಾಹೇಬ್ರ, ಎತ್ತಿನ ಕಣ್ಣಾಗ ಹೂ ಬಿದ್ದೈತ್ರಿ.’

ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ಈ ಮಾತು ನಮ್ಮ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ ಎದ್ದರೆ ಅದಕ್ಕೆ ನಮ್ಮ ಜನ ಹೂ ಅನ್ನುತ್ತಾರೆ. ಕಬ್ಬಿನ ಸೋಗೆಯ ಅಂಚು ಗರಗಸ ಇದ್ದ ಹಾಗೆ. ಗೋದಲಿಯಲ್ಲಿ ಮುಖ ಹಾಕಿ ಮೇಯುವಾಗ ಅದು ಕಣ್ಣು ಗೀರುತ್ತದೆ. ಗೀರಿದ ಜಾಗಕ್ಕೆ ಸೋಂಕು ತಗುಲಿದರೆ ಹುಣ್ಣಾಗುತ್ತದೆ.

ಹನ್ನೆರಡು ವರ್ಷದ ಹಿಂದೆ ಇಂಥದ್ದೇ ಒಂದು ಖಿಲಾರಿ ಎತ್ತು ಬಂದಿತ್ತು. ಕಣ್ಣು ಕೆಂಪಾಗಿತ್ತು, ನೀರು ಸುರಿಯುತ್ತಿತ್ತು. ನಾನು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ, ಸ್ಟೀರಾಯ್ಡ್ ಬೆರೆತ ಹನಿ ಬರೆದುಕೊಟ್ಟೆ. ಎರಡು ದಿನದಲ್ಲಿ ಕೆಂಪು ಇಳಿಯಿತು. ರೈತರಿಗೆ ಖುಷಿ, ನನಗೂ ಸಮಾಧಾನ. ಆರನೇ ದಿನ ಎತ್ತು ವಾಪಸ್ ಬಂದಾಗ ಹುಣ್ಣು ಕರಗಿ ಕಣ್ಣು ಒಡೆದಿತ್ತು. ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು. ‘ನಮ್ಮ ಹಣೇಬರಾ ಬಿಡ್ರಿ’ ಅಂದರು ಆ ಯಜಮಾನರು. ಅದು ಹಣೆಬರಹ ಆಗಿರಲಿಲ್ಲ. ಒಂದು ಸಣ್ಣ ಕಾಗದದ ಪಟ್ಟಿಯಿಂದ ತಿಳಿಯಬಹುದಾಗಿದ್ದ ವಿಷಯ ಅದು.

ಆ ಪಟ್ಟಿಯ ಹೆಸರು ಫ್ಲೋರೆಸಿನ್ ಸ್ಟ್ರಿಪ್. ಸಲೈನ್‌ನಲ್ಲಿ ತೋಯಿಸಿ ಕಣ್ಣಿಗೆ ಮುಟ್ಟಿಸಿ, ತೊಳೆದು, ನೀಲಿ ಬೆಳಕಿನಲ್ಲಿ ನೋಡಬೇಕು. ಕರಿಗುಡ್ಡೆಯ ಮೇಲ್ಪದರ ಗಟ್ಟಿಯಿದ್ದರೆ ಬಣ್ಣ ಹಿಡಿಯುವುದಿಲ್ಲ. ಪದರ ಹರಿದಿದ್ದರೆ ಒಳಗಿನ ಭಾಗ ಬಣ್ಣ ಹೀರಿ ಹಸಿರಾಗಿ ಹೊಳೆಯುತ್ತದೆ. ಹಸಿರು ಕಂಡಿತೋ, ಸ್ಟೀರಾಯ್ಡ್ ಹನಿ ಮುಟ್ಟಬಾರದು. ಅದು ಗಾಯ ಮಾಯುವುದನ್ನು ತಡೆಯುತ್ತದೆ, ಸೋಂಕಿಗೆ ದಾರಿ ಬಿಡುತ್ತದೆ. ಮೋಸ ಏನೆಂದರೆ, ಕೆಂಪು ಮಾತ್ರ ಬೇಗ ಇಳಿಸುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಹುಣ್ಣು ತುಂಬಾ ಆಳಕ್ಕೆ ಹೋಗಿ ಕೊನೆಯ ತೆಳು ಪೊರೆ ಮಾತ್ರ ಉಳಿದಿದ್ದರೆ, ಆ ಪೊರೆ ಬಣ್ಣ ಹಿಡಿಯುವುದಿಲ್ಲ. ಸುತ್ತ ಹಸಿರು ಉಂಗುರ, ನಡುವೆ ತಿಳಿ ಕಾಣುತ್ತದೆ. ಗೊತ್ತಿಲ್ಲದವರು ‘ನಡುವೆ ಮಾಯ್ದಿದೆ’ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅದು ಇವತ್ತೋ ನಾಳೆಯೋ ಒಡೆಯುವ ಕಣ್ಣು.

ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ಆಗ ಕಣ್ಣು ನಮಗೆ ಶಸ್ತ್ರಚಿಕಿತ್ಸೆ ಪಾಠದ ಒಂದು ಮೂಲೆ. ಆ ಎತ್ತಿನ ನಂತರ ಎರಡು ದಿನದ ಒಂದು ತರಬೇತಿಗೆ ಹೋದೆ. ದೊಡ್ಡ ಯಂತ್ರಗಳನ್ನು ತೋರಿಸುತ್ತಾರೆ ಅಂದುಕೊಂಡಿದ್ದೆ. ಅವರು ಪರದೆ ಎಳೆದು ಕೋಣೆ ಕತ್ತಲು ಮಾಡಿ, ಕೈಗೆ ಒಂದು ಟಾರ್ಚ್ ಕೊಟ್ಟರು. ಮೊದಲ ಅರ್ಧ ದಿನ ಸುಮ್ನೆ ನೋಡುವುದನ್ನೇ ಕಲಿಸಿದರು. ರೆಪ್ಪೆ, ಮೂರನೇ ರೆಪ್ಪೆಯ ಒಳಗೆ, ಕರಿಗುಡ್ಡೆ, ಪಾಪೆ, ಹೀಗೆ ಹೊರಗಿನಿಂದ ಒಳಗೆ. ನಾಯಿಗಾದರೆ ಕಣ್ಣೀರು ಅಳೆಯುವ ಪಟ್ಟಿ ಎಲ್ಲಕ್ಕಿಂತ ಮೊದಲು, ಏಕೆಂದರೆ ಒಂದು ಹನಿ ಔಷಧಿ ಬಿದ್ದರೂ ಲೆಕ್ಕ ತಪ್ಪುತ್ತದೆ. ಒಂದು ನಿಮಿಷಕ್ಕೆ 15 ಮಿಲಿಮೀಟರ್ ತೋಯ್ದರೆ ಸರಿ, 10ಕ್ಕಿಂತ ಕಡಿಮೆ ಇದ್ದರೆ ಕಣ್ಣು ಒಣಗುತ್ತಿದೆ.

ಎತ್ತು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರೆ ಏನು ಮಾಡುವುದು? ನಾಲ್ಕು ಜನ ಸೇರಿ ರೆಪ್ಪೆ ಎಳೆಯುವುದನ್ನು ನಾನೂ ಮಾಡಿದ್ದೇನೆ. ಆಳವಾದ ಹುಣ್ಣಿದ್ದರೆ ಆ ಒತ್ತಡಕ್ಕೇ ಕಣ್ಣು ಒಡೆಯಬಹುದು. ಕಣ್ಣು ಮತ್ತು ಕಿವಿಯ ನಡುವೆ, ಕೆನ್ನೆ ಮೂಳೆಯ ಕಮಾನಿನ ಮೇಲೆ ಒಂದು ನರ ಹಾದುಹೋಗುತ್ತದೆ. ಅಲ್ಲಿ ನರವನ್ನು ಜಡಗೊಳಿಸುವ ಲಿಗ್ನೋಕೇನ್ ಚುಚ್ಚುಮದ್ದು ಕೊಟ್ಟರೆ ರೆಪ್ಪೆಯ ಬಿಗಿ ಸಡಿಲಾಗುತ್ತದೆ. ನೋವು ಹೋಗುವುದಿಲ್ಲ, ಅದಕ್ಕೆ ಮರಗಟ್ಟಿಸುವ ಹನಿ ಬೇರೆ ಬೇಕು. ಆ ಹನಿ ನಮ್ಮ ಪರೀಕ್ಷೆಗಷ್ಟೇ. ಮನೆಗೆ ಕೊಟ್ಟು ಕಳಿಸಿದರೆ ಗಾಯ ಮಾಯುವುದೇ ಇಲ್ಲ.

ಎರಡನೇ ದಿನ ಮಟನ್ ಅಂಗಡಿಯಿಂದ ತಂದ ಆಡಿನ ಕಣ್ಣುಗಳ ಮೇಲೆ ಹೊಲಿಗೆ. ಕಣ್ಣಿನ ಬಿಳಿ ಭಾಗದ ಮೇಲಿರುವ ತೆಳು ಪೊರೆಯನ್ನು ಬಿಡಿಸಿ, ಹುಣ್ಣಿನ ಮೇಲೆ ಎಳೆದು, ಕೂದಲಿಗಿಂತ ಸಣ್ಣ ದಾರದಲ್ಲಿ ಕೂರಿಸಬೇಕು. ನನ್ನ ಮೊದಲ ಐದು ಕಣ್ಣು ಕೆಟ್ಟವು. ಕೆಡಿಸುವುದಾದರೆ ಅಲ್ಲೇ ಕೆಡಿಸಬೇಕು, ರೈತರ ಎತ್ತಿನ ಮೇಲಲ್ಲ ಅಲ್ವಾ? ಈಗಲೂ ಎರಡು ಮೂರು ತಿಂಗಳಿಗೊಮ್ಮೆ ಸುತ್ತಲಿನ ನಾಲ್ಕೈದು ವೈದ್ಯರು ಭಾನುವಾರ ಸೇರಿ ಇದನ್ನು ಮಾಡುತ್ತೇವೆ. ಕೈ ಬೇಗ ಮರೆಯುತ್ತದೆ.

ಬಿಳುಪು ಎಲ್ಲಿಂದ ಶುರುವಾಯಿತು ಅನ್ನುವುದನ್ನೂ ಅಲ್ಲೇ ಕಲಿತೆ. ನೊಣ ಹರಡುವ ಪಿಂಕ್ ಐ ರೋಗದಲ್ಲಿ ಅದು ಸಾಮಾನ್ಯವಾಗಿ ಗುಡ್ಡೆಯ ನಡುವೆ ಹುಟ್ಟಿ ಹೊರಗೆ ಹರಡುತ್ತದೆ. ಎರಡೂ ಕಣ್ಣು ಅಂಚಿನಿಂದ ಒಳಗೆ ಬೆಳ್ಳಗಾಗುತ್ತಾ ಬಂದು, ಜೊತೆಗೆ ಜೋರು ಜ್ವರ, ಮೂಗಿನಲ್ಲಿ ಸಿಂಬಳ ಇದ್ದರೆ ಮಾಲಿಗ್ನಂಟ್ ಕಟಾರಲ್ ಫೀವರ್ ಎಂಬ ವೈರಸ್ ರೋಗ ನೆನಪಾಗಬೇಕು. ಅದರ ವೈರಸ್ ಕುರಿಗಳಲ್ಲಿ ರೋಗ ತೋರಿಸದೆ ಇರುತ್ತದೆ. ಹಾಗಾಗಿ ‘ಹೊಲದಾಗ ಕುರಿ ತರುಬಿದ್ರೇನ್ರಿ?’ ಅಂತ ಕೇಳುವುದು ನಮ್ಮ ಕಡೆ ಕಣ್ಣಿನ ಪರೀಕ್ಷೆಯ ಭಾಗವೇ. 2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ ಕಣ್ಣಿಗೆ ಹೂ ಬಿದ್ದ ದನಗಳು ಇದ್ದವು.

ಬರ ಬಿದ್ದ ವರ್ಷ ಕರುಗಳು ಬರುತ್ತವೆ. ಹಸಿರು ಮೇವು ಇಲ್ಲದೆ ತಿಂಗಳುಗಟ್ಟಲೆ ಒಣ ಕಣಕಿಯ ಮೇಲೇ ಬೆಳೆದ ಕರು ಸಂಜೆಯಾದರೆ ಗೋಡೆಗೆ ಹಾಯುತ್ತದೆ. ಕಣ್ಣು ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಅದಕ್ಕೆ ಬೇಕಾದ್ದು ಹನಿ ಅಲ್ಲ, ವಿಟಮಿನ್ ಎ. ಬೇಗ ಹಿಡಿದರೆ ಇರುಳುಗಣ್ಣು ವಾಸಿಯಾಗುತ್ತದೆ. ತಡವಾಗಿ ಕಣ್ಣಿನ ನರವೇ ಒತ್ತಿಹೋದರೆ ದೃಷ್ಟಿ ಮರಳುವುದಿಲ್ಲ.

ನಾನು ಕೇಳುವುದು ಇಷ್ಟೇ. ಈ ಕಲಿಕೆ ಬೆಂಗಳೂರಿನ ಸಭಾಂಗಣದಲ್ಲಿ ಮುಗಿಯಬಾರದು. ತಾಲ್ಲೂಕಿಗೆ ಬರಬೇಕು, ಪಶುವೈದ್ಯಕೀಯ ಪರೀಕ್ಷಕರನ್ನೂ ಹಳ್ಳಿಯಲ್ಲಿ ದನಕರುಗಳ ಆರೈಕೆಗೆ ನೆರವಾಗುವ ಪಶು ಸಖಿಯರನ್ನೂ ಕೂರಿಸಿಕೊಳ್ಳಬೇಕು. ದನದ ಕಣ್ಣನ್ನು ಮೊದಲು ನೋಡುವವರು ಅವರು. ಉಪ್ಪು ಊದುವುದು, ತಂಬಾಕಿನ ರಸ ಉಗುಳುವುದು, ಎಕ್ಕೆಯ ಹಾಲು ಬಿಡುವುದು, ಇವನ್ನು ತಡೆಯಬಲ್ಲವರೂ ಅವರೇ. ಎಕ್ಕೆಯ ಹಾಲೊಂದೇ ಸಾಕು ಕಣ್ಣು ಸುಡಲು.

ಹೋದ ಹಂಗಾಮಿನಲ್ಲಿ ನಮ್ಮ ಭಾನುವಾರಕ್ಕೆ ಬರುವ ಪರೀಕ್ಷಕರೊಬ್ಬರು ಹಳ್ಳಿಯಿಂದ ಒಂದು ಫೋಟೊ ಕಳಿಸಿದರು. ಎತ್ತಿನ ಕಣ್ಣು, ಹಸಿರು ಉಂಗುರ, ನಡುವೆ ತಿಳಿ. ಕೆಳಗೆ ಬರೆದಿದ್ದರು: ‘ಟ್ಯೂಬ್ ಹಾಕಿಲ್ರಿ ಸರ್, ರೆಪ್ಪೆನೂ ಎಳದಿಲ್ಲ. ಟೆಂಪೊ ಹೊಂಟೈತ್ರಿ.’ ಅದು ಬಂದು ಮುಟ್ಟುವಷ್ಟರಲ್ಲಿ ನಾನು ಸೂಜಿ ದಾರ ತೆಗೆದಿಟ್ಟಿದ್ದೆ. ಆ ಕಣ್ಣಿನಲ್ಲಿ ಈಗಲೂ ಒಂದು ಸಣ್ಣ ಬಿಳಿ ಮಚ್ಚೆ ಇದೆ. ಎತ್ತು ಎರಡೂ ಕಣ್ಣಿನಿಂದ ನೋಡುತ್ತದೆ.