ಸೀಸನ್ ಶುರುವಾಗುವ ಮೊದಲೇ ನಮ್ಮ ತಂಡ ಎಲ್ಲಿ ನಿಲ್ಲುತ್ತದೆ ಅಂತ ಹೇಳಬಹುದಾ?

ಓದುಗರ ಪ್ರಶ್ನೆ: "ನಾವು ಮೈಸೂರಿನ ಸರಸ್ವತಿಪುರಂನ ಐದು ಜನ ಗೆಳೆಯರು. ಎಲ್ಲರೂ ಫುಟ್ಬಾಲ್ ಹುಚ್ಚಿನವರು. ಪ್ರತಿ ವರ್ಷ ಸೀಸನ್‌ಗೆ ಮೊದಲು ನಮ್ಮ ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತದೆ ಅಂತ ಹೇಳುತ್ತೇವೆ. ಪ್ರತಿ ವರ್ಷ ತಪ್ಪುತ್ತದೆ. ಆಟ ಚೆನ್ನಾಗಿ ಗೊತ್ತಿದ್ದೂ ಹೀಗೇಕೆ? ಸರಿಯಾಗಿ ಅಂದಾಜು ಮಾಡುವ ದಾರಿ ಇದೆಯಾ?"

ಇದೆ. ಆದರೆ ಮೊದಲು ಕೇಳುವ ಪ್ರಶ್ನೆಯನ್ನೇ ಸ್ವಲ್ಪ ಬದಲಾಯಿಸಬೇಕು. ಎಷ್ಟನೇ ಸ್ಥಾನ ಅಂತ ಕೇಳಬೇಡಿ, ಎಷ್ಟು ಪಾಯಿಂಟ್ ಅಂತ ಕೇಳಿ. ಉತ್ತರವನ್ನೂ ಒಂದೇ ಸಂಖ್ಯೆಯಲ್ಲಿ ಕೊಡಬೇಡಿ, ಇಷ್ಟರಿಂದ ಇಷ್ಟರೊಳಗೆ ಅಂತ ಕೊಡಿ. ಯಾಕೆ ಅಂದರೆ ಸ್ಥಾನ ನಮ್ಮ ತಂಡದ ಕೈಯಲ್ಲಿ ಮಾತ್ರ ಇರುವುದಿಲ್ಲ. 2024-25ರ ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್ಬಾಲ್‌ನಲ್ಲಿ, ನಮ್ಮ ಬೆಂಗಳೂರು ಎಫ್‌ಸಿ ಮೂರನೇ ಸ್ಥಾನಕ್ಕೆ ಬಂತು, ಪಾಯಿಂಟ್ 38. ನಾಲ್ಕನೇ ತಂಡದ್ದೂ 38, ಐದನೇ ತಂಡದ್ದೂ 38. ಯಾವುದೋ ಒಂದು ಪಂದ್ಯದ ಕೊನೇ ನಿಮಿಷದಲ್ಲಿ ಚೆಂಡು ಕಂಬಕ್ಕೆ ತಾಗಿ ಆಚೆ ಹೋಗದೆ ಒಳಗೆ ಬಂದಿದ್ದರೆ ಮೂರು ಐದಾಗುತ್ತಿತ್ತು. ಅಂಥದ್ದನ್ನು ಜುಲೈ ತಿಂಗಳಲ್ಲಿ ಕೂತು ಹೇಳಲು ಯಾರಿಗೂ ಆಗುವುದಿಲ್ಲ.

ಮಂಡ್ಯದಲ್ಲಿ ನಮ್ಮದೂ ಇಂಥದ್ದೇ ಒಂದು ಗುಂಪು. ವಿವಿ ರಸ್ತೆಯ ಟೀ ಅಂಗಡಿ ಮುಂದೆ ಸೇರುತ್ತೇವೆ. ಒಂದು ಉದ್ದದ ಲೆಕ್ಕದ ಪುಸ್ತಕ ಇದೆ, ಅದರಲ್ಲಿ ಪ್ರತಿಯೊಬ್ಬರೂ ಬರೆದು ಸಹಿ ಹಾಕಬೇಕು. ಹಣದ ಮಾತೇ ಇಲ್ಲ, ಅದನ್ನು ನೀವೂ ಇಟ್ಟುಕೊಳ್ಳಬೇಡಿ, ದುಡ್ಡು ಬಂದ ಕೂಡಲೇ ಆಟದ ಮೇಲಿನ ಪ್ರೀತಿ ಪಕ್ಕಕ್ಕೆ ಹೋಗಿ ಜಗಳ ಶುರುವಾಗುತ್ತದೆ. ಆ ಪುಸ್ತಕದ ಹಳೇ ಪುಟಗಳನ್ನು ಓದಿದರೆ ನಾವು ಎಲ್ಲಿ ಎಡವುತ್ತೇವೆ ಅಂತ ಚೆನ್ನಾಗಿ ಕಾಣುತ್ತದೆ. ಬರೆದಿಡುವುದರ ದೊಡ್ಡ ಲಾಭ ಅದೇ. ಬಾಯಲ್ಲಿ ಹೇಳಿದ್ದು ಮೇ ತಿಂಗಳ ಹೊತ್ತಿಗೆ "ನಾನು ಆಗಲೇ ಹೇಳಿದ್ದೆ ಕಣ್ಲಾ" ಅಂತ ಬದಲಾಗಿಬಿಡುತ್ತದೆ.

ನಮ್ಮ ಪುಸ್ತಕದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು: ಬಂದವರನ್ನು ಎಣಿಸುತ್ತೇವೆ, ಹೋದವರನ್ನು ಎಣಿಸುವುದಿಲ್ಲ. ಹೊಸ ಆಟಗಾರ ಬಂದರೆ ಅವನ ಐದು ನಿಮಿಷದ ವಿಡಿಯೋ ನೋಡುತ್ತೇವೆ. ಅದರಲ್ಲಿ ಗೋಲುಗಳು ಮಾತ್ರ ಇರುತ್ತವೆ. ಅವನು ಬಿಟ್ಟುಕೊಟ್ಟ ಚೆಂಡು, ಓಡದೆ ನಿಂತ ನಿಮಿಷಗಳು ಇರುವುದಿಲ್ಲ. ಮನಸ್ಸಿನಲ್ಲಿ ಅವನನ್ನು ಹಳೇ ತಂಡದ ಮೇಲೆ ಕೂಡಿಸುತ್ತೇವೆ, ಆದರೆ ಅವನು ಬಂದಿದ್ದೇ ಯಾರೋ ಹೋದ ಜಾಗಕ್ಕೆ ಅಲ್ವಾ? 2022-23ರಲ್ಲಿ ಬೆಂಗಳೂರು ಲೀಗ್‌ನಲ್ಲಿ ನಾಲ್ಕನೇ ಸ್ಥಾನ ಪಡೆದು, ಪ್ಲೇಆಫ್ ದಾಟಿ ಫೈನಲ್ ಆಡಿತು, ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಮುಂದಿನ ವರ್ಷ ಗೆದ್ದೇ ಗೆಲ್ಲುತ್ತೇವೆ ಅಂತ ನಮ್ಮಲ್ಲಿ ನಾಲ್ಕು ಜನ ಬರೆದಿದ್ದರು. ರಾಯ್ ಕೃಷ್ಣ ಒಡಿಶಾಕ್ಕೆ ಹೋಗಿದ್ದರು, ಸಂದೇಶ್ ಜಿಂಗನ್ ಗೋವಾಕ್ಕೆ ಹೋಗಿದ್ದರು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 12 ತಂಡಗಳಲ್ಲಿ 10ನೇ ಸ್ಥಾನ ಬಂತು. ಡಿಸೆಂಬರ್‌ನಲ್ಲಿ ಕೋಚ್ ಕೂಡ ಬದಲಾದರು.

ಇದಕ್ಕೆ ಪೆಟ್ಟು ತಿಂದು ಮಾರನೇ ವರ್ಷ, ಅಂದರೆ 2024ರಲ್ಲಿ, ಎಲ್ಲರೂ ಕೆಳಗೆ ಬರೆದರು. ಎಂಟು, ಒಂಬತ್ತು, ಮತ್ತೆ ಹತ್ತು. ಆ ಸಲ ಮುಂಬೈ ಸಿಟಿಯಿಂದ ನೊಗೇರಾ, ಪೆರೇರಾ ಡಿಯಾಜ್, ಜೊತೆಗೆ ನಮ್ಮ ಹಳೇ ರಾಹುಲ್ ಭೇಕೆ, 2018-19ರ ಫೈನಲ್‌ನಲ್ಲಿ ಗೋವಾ ಮೇಲೆ ಕಪ್ ಗೆಲ್ಲಿಸಿಕೊಟ್ಟ ಗೋಲು ಹೊಡೆದವರು, ಮೂವರೂ ಬಂದರು. ಸುನಿಲ್ ಛೆಟ್ರಿಗೆ ಆ ಆಗಸ್ಟ್‌ಗೆ 40 ತುಂಬಿತು. ಭಾರತ ತಂಡದಿಂದ ಜೂನ್‌ನಲ್ಲೇ ನಿವೃತ್ತಿ ಹೇಳಿದ್ದರು, ಹಾಗಾಗಿ ಇನ್ನು ಎಷ್ಟು ಆಡಿಯಾರು ಅಂತ ನಾವೆಲ್ಲ ಅಂದುಕೊಂಡಿದ್ದೆವು. 14 ಗೋಲು ಹೊಡೆದರು. ಮತ್ತೆ ದೇಶಕ್ಕೂ ಆಡಲು ಹೋದರು. 40ರಲ್ಲಿ 14 ಗೋಲು! ಇದನ್ನು ಬರೆಯುವಾಗ ಈಗಲೂ ಮೈ ಜುಮ್ ಅನ್ನುತ್ತದೆ. ಅಂಥದ್ದನ್ನು ಯಾವ ಲೆಕ್ಕವೂ ಮೊದಲೇ ಹೇಳುವುದಿಲ್ಲ, ಹೇಳಬೇಕು ಅಂತಲೂ ನನಗೆ ಅನ್ನಿಸುವುದಿಲ್ಲ.

ನಾಲ್ಕು, ಹತ್ತು, ಮೂರು. ಬೆಂಗಳೂರಿನ ಮೂರು ವರ್ಷದ ಸ್ಥಾನಗಳು ಇವು. ನಮ್ಮ ಕಡೆಯವರಿಗೆ ಈ ಏರಿಳಿತ ಬೇಗ ಅರ್ಥವಾಗುತ್ತದೆ, ಯಾಕೆಂದರೆ ನಾವು ಕೆಆರ್‌ಎಸ್ ನೋಡಿಕೊಂಡು ಬೆಳೆದವರು. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. 2024ರ ಜುಲೈನಲ್ಲಿ ಪೂರ್ತಿ ತುಂಬಿ 124.80 ಅಡಿ ಮುಟ್ಟಿತು. 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿತು. ಅನುಭವ ಇರುವ ರೈತ ಏಪ್ರಿಲ್‌ನಲ್ಲಿ "ಈ ಸಲ ತುಂಬುತ್ತೆ" ಅಂತ ಎದೆ ತಟ್ಟಿ ಹೇಳುವುದಿಲ್ಲ. ಕಟ್ಟೆಯಲ್ಲಿ ಈಗ ಎಷ್ಟು ನೀರಿದೆ, ಕೊಡಗಲ್ಲಿ ಮಳೆ ಹಿಡಿಯಿತಾ ಅಂತ ಕೇಳುತ್ತಾನೆ. ಭತ್ತ ಹಾಕಬೇಕಾ, ರಾಗಿ ಹಾಕಬೇಕಾ ಅಂತ ಎರಡಕ್ಕೂ ಮನಸ್ಸು ಸಿದ್ಧ ಇಟ್ಟುಕೊಳ್ಳುತ್ತಾನೆ. ನಾವು ಫುಟ್ಬಾಲ್‌ನಲ್ಲೂ ಮಾಡಬೇಕಾಗಿರುವುದು ಅಷ್ಟೇ. ಈಗ ಎಷ್ಟು ನೀರಿದೆ ಅಂತ ಮೊದಲು ನೋಡಬೇಕು.

ಎಲ್ಲಿ ನೋಡುವುದು? ಹೋದ ವರ್ಷದ ಪಟ್ಟಿಯಲ್ಲಿ, ಆದರೆ ಸ್ಥಾನದ ಕಾಲಂನಲ್ಲಿ ಅಲ್ಲ. ಗೋಲ್ ವ್ಯತ್ಯಾಸ ಅಂತ ಒಂದು ಕಾಲಂ ಇರುತ್ತದೆ, ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದರೆ ಬರುವ ಸಂಖ್ಯೆ. ಜಾಸ್ತಿ ಜನ ಅದನ್ನು ಇಬ್ಬರು ಸಮ ಆದಾಗ ಮಾತ್ರ ನೋಡುತ್ತಾರೆ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಮುಂದಿನ ವರ್ಷದ ಬಗ್ಗೆ ಅತಿ ಹೆಚ್ಚು ಮಾತಾಡುವ ಸಂಖ್ಯೆ ಅದು. ಒಂದೊಂದು ಗೋಲಿನಿಂದ ಗೆದ್ದ ಪಂದ್ಯಗಳಲ್ಲಿ ಅದೃಷ್ಟ ಜಾಸ್ತಿ ಇರುತ್ತದೆ, ಮೂರು ಗೋಲಿನಿಂದ ಗೆದ್ದಾಗ ಕಮ್ಮಿ ಇರುತ್ತದೆ, ಅಷ್ಟೇ ವಿಷಯ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ 2023-24ರ ಲೀಗ್‌ನಲ್ಲಿ 60 ಪಾಯಿಂಟ್ ಪಡೆದು 8ನೇ ಸ್ಥಾನಕ್ಕೆ ಬಂತು. ಜೊತೆಗೆ ಎಫ್‌ಎ ಕಪ್ ಅನ್ನುವ ಬೇರೆ ಟೂರ್ನಿಯ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿತು. ಅಭಿಮಾನಿಗಳು ಕಪ್ ನೋಡಿದರು. ಆದರೆ ಲೀಗ್‌ನಲ್ಲಿ ಹೊಡೆದದ್ದು 57 ಗೋಲು, ಬಿಟ್ಟುಕೊಟ್ಟದ್ದು 58. ವ್ಯತ್ಯಾಸ ಮೈನಸ್ 1. ಅಂದರೆ ಆ ತಂಡ ಎಂಟನೇ ಸ್ಥಾನದಷ್ಟು ಗಟ್ಟಿ ಇರಲಿಲ್ಲ. ಮುಂದಿನ ವರ್ಷ 42 ಪಾಯಿಂಟ್, 15ನೇ ಸ್ಥಾನ. ಇಷ್ಟು ಕೆಳಗೆ ಹೋಗುತ್ತದೆ ಅಂತ ಆ ಮೈನಸ್ 1 ಹೇಳಿರಲಿಲ್ಲ, ಮೇಲೆ ಹೋಗುತ್ತದೆ ಅಂತ ನಂಬಬೇಡಿ ಅಂತ ಮಾತ್ರ ಹೇಳಿತ್ತು.

ಇದನ್ನೇ ಇನ್ನೂ ಸೂಕ್ಷ್ಮವಾಗಿ ಅಳೆಯುವುದು ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು. ಪ್ರತಿ ಹೊಡೆತ ಎಷ್ಟು ಒಳ್ಳೆಯ ಅವಕಾಶ ಅಂತ ಸೊನ್ನೆಯಿಂದ ಒಂದರೊಳಗೆ ಬೆಲೆ ಕಟ್ಟುತ್ತಾರೆ. ನೂರು ಪೆನಾಲ್ಟಿಯಲ್ಲಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ಗೋಲಾಗುತ್ತದೆ, ಹಾಗಾಗಿ ಒಂದು ಪೆನಾಲ್ಟಿಗೆ 0.76 ಆಸುಪಾಸು. ಸಿಕ್ಕರೆ ನೋಡಿ, ಸಿಗದಿದ್ದರೆ ಗೋಲ್ ವ್ಯತ್ಯಾಸವೇ ಸಾಕು.

ಈಗ ಲೆಕ್ಕ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ತೆಗೆದುಕೊಳ್ಳಿ, ನಮ್ಮ ಊರಲ್ಲೂ ಅದನ್ನು ನೋಡುವವರೇ ಜಾಸ್ತಿ. 20 ತಂಡ, ಒಬ್ಬೊಬ್ಬರಿಗೆ 38 ಪಂದ್ಯ. ಒಂದು ತಂಡದ ಸರಾಸರಿ ಸುಮಾರು 52 ಪಾಯಿಂಟ್ ಬರುತ್ತದೆ. ನಿಮ್ಮ ತಂಡದ ಹೋದ ವರ್ಷದ ಪಾಯಿಂಟ್ ತೆಗೆದುಕೊಳ್ಳಿ, ಅದು 52ರಿಂದ ಎಷ್ಟು ದೂರ ಇದೆಯೋ ಆ ದೂರದಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿ. ನಾವು ಮಂಡ್ಯದಲ್ಲಿ ಇದಕ್ಕೆ ನಡುವಿಗೆ ಎಳೆಯೋದು ಅಂತೀವಿ. ತುಂಬ ಮೇಲೆ ಹೋದವರ ಹಿಂದೆ ಸ್ವಲ್ಪ ಅದೃಷ್ಟ ಇತ್ತು, ತುಂಬ ಕೆಳಗೆ ಬಿದ್ದವರ ಹಿಂದೆ ಸ್ವಲ್ಪ ದುರದೃಷ್ಟ ಇತ್ತು, ಅದು ಪ್ರತಿ ವರ್ಷ ಜೊತೆಗೆ ಬರುವುದಿಲ್ಲ ಅನ್ನುವುದೇ ಇದರ ಹಿಂದಿನ ವಿಚಾರ.

ಮ್ಯಾಂಚೆಸ್ಟರ್ ಸಿಟಿ 2023-24ರಲ್ಲಿ 91 ಪಾಯಿಂಟ್ ತೆಗೆದು ಸತತ ನಾಲ್ಕನೇ ಸಲ ಲೀಗ್ ಗೆದ್ದಿತು. ನಡುವಿಗೆ ಎಳೆದರೆ 78 ಬರುತ್ತದೆ. ಆಗಿದ್ದು 71. ಸೆಪ್ಟೆಂಬರ್‌ನಲ್ಲೇ ತಂಡದ ಮುಖ್ಯ ಆಟಗಾರ ರೋಡ್ರಿ ಮಂಡಿಯ ಲಿಗಮೆಂಟ್ ಹರಿದುಕೊಂಡರು. ಲೆಸ್ಟರ್ ಸಿಟಿ 2015-16ರಲ್ಲಿ 81 ಪಾಯಿಂಟ್‌ಗೆ ಲೀಗ್ ಗೆದ್ದಿತು, ಸೀಸನ್‌ಗೆ ಮೊದಲು ಬೆಟ್ಟಿಂಗ್ ಅಂಗಡಿಗಳು ಅವರ ಮೇಲೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂದಿದ್ದವು. ಲೆಕ್ಕ ಮುಂದಿನ ವರ್ಷಕ್ಕೆ 71 ಅನ್ನುತ್ತದೆ, ಬಂದಿದ್ದು 44. ನಾಟಿಂಗ್‌ಹ್ಯಾಮ್ ಫಾರೆಸ್ಟ್ 2023-24ರಲ್ಲಿ 36 ಗಳಿಸಿ, ಹಣಕಾಸಿನ ನಿಯಮ ಮುರಿದದ್ದಕ್ಕೆ 4 ಕಳೆದುಕೊಂಡು 32ಕ್ಕೆ ಇಳಿದರೂ ಲೀಗ್‌ನಲ್ಲಿ ಉಳಿದುಕೊಂಡಿತು. ಆಡಿ ಗಳಿಸಿದ 36ನ್ನೇ ಹಿಡಿದರೆ ಲೆಕ್ಕ 41 ಅನ್ನುತ್ತದೆ, ಬಂದಿದ್ದು 65, ಏಳನೇ ಸ್ಥಾನ.

ನೋಡಿ, ಮೂರರಲ್ಲೂ ದಿಕ್ಕು ಸರಿ. ಮೇಲಿದ್ದವರು ಇಳಿದರು, ಕೆಳಗಿದ್ದವರು ಏರಿದರು. ದೂರ ಮಾತ್ರ ತಪ್ಪಿತು, ಎರಡು ಕಡೆ ಬಹಳವೇ ತಪ್ಪಿತು. ನಾನು ಎಲ್ಲರಿಗೂ ನೆನಪಿರುವ ಉದಾಹರಣೆಗಳನ್ನೇ ಆರಿಸಿದ್ದೇನೆ, ಮಾಮೂಲಿ ತಂಡಗಳಲ್ಲಿ ಇಷ್ಟು ಅಂತರ ಬರುವುದಿಲ್ಲ. ಆದರೂ ನಿಮ್ಮ ಸಂಖ್ಯೆಗೆ ಆಚೆ ಈಚೆ ಹತ್ತು ಪಾಯಿಂಟ್ ಬಿಡಲೇಬೇಕು. 60 ಬಂದರೆ 50ರಿಂದ 70 ಅಂತ ಬರೆಯಿರಿ. ಇದು ಹೇಡಿತನ ಅಲ್ಲ, ನಮ್ಮ ಗುಂಪಿನಲ್ಲಿ ಇದನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ನಂತರ ಆ ಸಂಖ್ಯೆಯನ್ನು ಕೈಯಿಂದ ಸ್ವಲ್ಪ ಸರಿಪಡಿಸಬಹುದು. ಯಾರು ಹೋದರು, ಗೋಲ್‌ಕೀಪರ್ ಅದೇನಾ, ಕೋಚ್ ಅದೇನಾ, ಮುಖ್ಯ ಆಟಗಾರನ ಜಾಗಕ್ಕೆ ಇನ್ನೊಬ್ಬ ಇದ್ದಾನಾ. ಒಂದೊಂದಕ್ಕೆ ಎರಡು ಮೂರು ಪಾಯಿಂಟ್‌ಗಿಂತ ಹೆಚ್ಚು ಸರಿಸಬೇಡಿ.

ಕೆಳಗಿನ ಲೀಗ್‌ನಿಂದ ಬಡ್ತಿ ಪಡೆದು ಬಂದ ತಂಡಗಳಿಗೆ ಈ ಲೆಕ್ಕ ನಡೆಯುವುದಿಲ್ಲ. 2023-24ರಲ್ಲಿ ಬಂದ ಮೂರೂ ವಾಪಸ್ ಹೋದವು, 2024-25ರಲ್ಲೂ ಮೂರೂ ಹೋದವು.

ಸೀಸನ್‌ಗೆ ಮೊದಲಿನ ಪಂದ್ಯಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಅವುಗಳ ಮೇಲೆ ನನಗೆ ನಂಬಿಕೆ ಕಡಿಮೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಡುರಾಂಡ್ ಕಪ್ ಗೆದ್ದಿತು, ಫೈನಲ್‌ನಲ್ಲಿ ಮುಂಬೈ ಸಿಟಿಯಂಥ ತಂಡದ ಮೇಲೆ. ನಾವು ಕುಣಿದೆವು. ಅಕ್ಟೋಬರ್‌ನಲ್ಲಿ ಐಎಸ್‌ಎಲ್ ಶುರುವಾಯಿತು, ಮೊದಲ 12 ಪಂದ್ಯಗಳಲ್ಲಿ ಸಿಕ್ಕಿದ್ದು 10 ಪಾಯಿಂಟ್. ಕಂಠೀರವಕ್ಕೆ ಹೋಗಿ ಸೋಲು ನೋಡಿ, ಸ್ಯಾಟಲೈಟ್‌ನಲ್ಲಿ ಕೊನೇ ಬಸ್ ಹಿಡಿದು, ಮಂಡ್ಯದವರೆಗೂ ಯಾರೂ ಮಾತಾಡದೆ ಬಂದ ರಾತ್ರಿಗಳು ಅವು. ಆಮೇಲೆ ಉಳಿದ 8 ಪಂದ್ಯಗಳನ್ನೂ ಗೆದ್ದರು, ಎಂಟಕ್ಕೆ ಎಂಟು, 24 ಪಾಯಿಂಟ್! ಒಂದೇ ತಂಡ, ಒಂದೇ ಕೋಚ್, ಒಂದೇ ಸೀಸನ್. 20 ಪಂದ್ಯದ ಲೀಗ್‌ನಲ್ಲಿ ಇಂಥ ಒಂದು ಅಲೆ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. 38 ಪಂದ್ಯ ಇದ್ದರೆ ಅಲೆಗಳು ಸ್ವಲ್ಪ ಸಮ ಆಗುತ್ತವೆ. ಹಾಗಾಗಿ ಐಎಸ್‌ಎಲ್‌ಗೆ ಲೆಕ್ಕ ಹಾಕುವಾಗ ಆಚೆ ಈಚೆ ಬಿಡುವ ಜಾಗ ಇನ್ನೂ ಜಾಸ್ತಿ ಇರಬೇಕು, ಅದರಲ್ಲೂ ಮೊದಲ ಆರು ತಂಡಗಳು ಪ್ಲೇಆಫ್‌ಗೆ ಹೋಗುವ ಪದ್ಧತಿ ಇರುವಾಗ.

ಹಾಗಾದರೆ ಮನಸ್ಸು ಹೇಳುವುದನ್ನು ಏನು ಮಾಡುವುದು? ಅದನ್ನು ಬಿಡಬೇಡಿ. ನಮ್ಮ ಜನ "ಈ ಸಲ ಕಪ್ ನಮ್ದೇ" ಅಂತ 2025ರಲ್ಲಿ ಆರ್‌ಸಿಬಿ ಗೆಲ್ಲುವ ತನಕ ವರ್ಷ ವರ್ಷವೂ ಹೇಳಿದ್ದಾರೆ. ಅದು ಅಂದಾಜು ಅಲ್ಲ, ಜೊತೆಗಿದ್ದೇವೆ ಅಂತ ಹೇಳುವ ಮಾತು. ಎರಡನ್ನೂ ಒಂದೇ ಕಾಲಂನಲ್ಲಿ ಬರೆದಾಗಲೇ ತೊಂದರೆ. 2024ರಿಂದ ನಮ್ಮ ಪುಸ್ತಕದಲ್ಲಿ ಎರಡು ಕಾಲಂ ಇವೆ, ಒಂದು ಲೆಕ್ಕ, ಇನ್ನೊಂದು ಆಸೆ. ನಮ್ಮಲ್ಲಿ ಹಿರಿಯರಾದ ಒಬ್ಬ ಅಣ್ಣ ಆ ವರ್ಷ ಲೆಕ್ಕದಲ್ಲಿ ಎಂಟನೇ ಸ್ಥಾನ ಅಂತ ಬರೆದಿದ್ದರು. ಆಸೆಯ ಕಾಲಂನಲ್ಲಿ "ಫೈನಲ್, ಛೆಟ್ರಿ ಕೈಯಲ್ಲಿ ಕಪ್" ಅಂತ ಬರೆದಿದ್ದರು. 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಫೈನಲ್ ನಡೆಯಿತು, ಮೊದಲ ಗೋಲಿನ ಮುನ್ನಡೆಯೂ ನಮಗೇ ಸಿಕ್ಕಿತ್ತು, ಕೊನೆಗೆ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್ 2-1ರಿಂದ ಗೆದ್ದಿತು. ಅಣ್ಣ ಟಿವಿ ಆರಿಸಿ ಬಹಳ ಹೊತ್ತು ಸುಮ್ನೆ ಕೂತಿದ್ದರು.

ಮುಂದಿನ ಪುಟಕ್ಕೆ ತಲೆಬರಹ ಬರೆದದ್ದೂ ಅವರೇ, ಜುಲೈ ತಿಂಗಳಲ್ಲಿ. ಅದೇ ತಿಂಗಳು ಲೀಗ್ ನಡೆಸುವವರ ಒಪ್ಪಂದದ ಗೊಂದಲದಿಂದ 2025-26ರ ಐಎಸ್‌ಎಲ್ ಅನ್ನೇ ತಡೆಹಿಡಿಯಲಾಗಿದೆ ಅಂತ ಸುದ್ದಿ ಬಂತು. ಎಷ್ಟು ಪಾಯಿಂಟ್ ಅಂತ ಕೇಳುವ ಮೊದಲು ಸೀಸನ್ ನಡೆಯುತ್ತದಾ ಅಂತಲೇ ಕೇಳಬೇಕಾಯಿತು. ಆ ಸಂಜೆ ಟೀ ಅಂಗಡಿ ಮುಂದೆ ಪುಸ್ತಕ ಕೈಯಿಂದ ಕೈಗೆ ಹೋಯಿತು. ಲೆಕ್ಕದ ಕಾಲಂ ಎಲ್ಲರೂ ಖಾಲಿ ಬಿಟ್ಟರು. ಆಸೆಯ ಕಾಲಂನಲ್ಲಿ ಆರು ಜನವೂ ಒಂದೇ ಮಾತು ಬರೆದರು: "ಪಂದ್ಯ ನಡೀಲಿ."