ಮಣ್ಣು ಮಾಡಿದ ಮೇಲೂ ಉಳಿದದ್ದು: ಯೋಧರ ಅಂಗಗಳ ಲೆಕ್ಕ ತಪ್ಪಿದ್ದು ಹೇಗೆ?

2012ರ ಜುಲೈನಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ಕ್ಷಮೆ ಕೇಳಬೇಕಾಯಿತು. ಅಫ್ಘಾನಿಸ್ತಾನದಲ್ಲಿ ಸತ್ತ 30ಕ್ಕೂ ಹೆಚ್ಚು ಯೋಧರ ದೇಹದ ಭಾಗಗಳು, ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿನ ಮೇಲೆ ಇಟ್ಟ ಅಂಗಾಂಶದ ತೆಳು ಚೂರುಗಳು (ಸ್ಲೈಡುಗಳು) ಆಕ್ಸ್‌ಫರ್ಡ್‌ನ ಜಾನ್ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಹಾಗೇ ಉಳಿದುಬಿಟ್ಟಿದ್ದವು. ಮನೆಯವರಿಗೆ ಗೊತ್ತೇ ಇರಲಿಲ್ಲ. ಮಗನನ್ನು ಮಣ್ಣು ಮಾಡಿ, ಆ ನೋವಿನ ಜೊತೆಗೇ ಹೇಗೋ ದಿನ ದೂಡಲು ಕಲಿತವರ ಮನೆಗೆ ಹೋಗಿ, ಅವನದು ಇನ್ನೂ ಸ್ವಲ್ಪ ನಮ್ಮ ಹತ್ರ ಇದೆ ಅಂತ ಹೇಳುವುದು ಎಷ್ಟು ಕ್ರೂರ, ಅಲ್ವಾ?

ಮರಣೋತ್ತರ ಪರೀಕ್ಷೆಯಲ್ಲಿ ತೆಗೆದಿಟ್ಟದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಿದುಳು ಬಹಳ ಮೆದು. ಸ್ಫೋಟದ ಪೆಟ್ಟು ಎಲ್ಲಿ ಬಿತ್ತು, ಗುಂಡು ಯಾವ ದಾರಿಯಲ್ಲಿ ಹೋಯಿತು ಎಂದು ಸರಿಯಾಗಿ ನೋಡಬೇಕಾದರೆ ಅದನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿ ವಾರಗಟ್ಟಲೆ ಇಟ್ಟು ಗಟ್ಟಿ ಮಾಡಬೇಕು. ಅಷ್ಟರೊಳಗೆ ದೇಹ ಮನೆಯವರ ಕೈಸೇರಿ ಅಂತ್ಯಸಂಸ್ಕಾರವೂ ಮುಗಿದಿರುತ್ತದೆ. ಪರೀಕ್ಷೆ ಆದಮೇಲೆ ಆ ಅಂಗ ಏನಾಗಬೇಕು? ಈ ಪ್ರಶ್ನೆಯನ್ನು ಮೊದಲೇ ಕೇಳದೆ ಹೋದರೆ ಡಬ್ಬಿ ಕಪಾಟಿನಲ್ಲೇ ಉಳಿಯುತ್ತದೆ.

ಬ್ರಿಟನ್ನಿಗೆ ಈ ಪಾಠ ಹೊಸದಾಗಿರಲಿಲ್ಲ. ಲಿವರ್‌ಪೂಲ್‌ನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯಲ್ಲಿ ಹೆತ್ತವರನ್ನು ಕೇಳದೆ ಮಕ್ಕಳ ಅಂಗಗಳನ್ನು ಇಟ್ಟುಕೊಂಡ ಸಂಗತಿ 1999ರಲ್ಲಿ ಹೊರಬಿತ್ತು, 2001ರ ಜನವರಿಯಲ್ಲಿ ಅದರ ವಿಚಾರಣೆಯ ರೆಡ್‌ಫರ್ನ್ ವರದಿ ಬಂತು, ಆ ಸಿಟ್ಟಿನಿಂದಲೇ, ಒಪ್ಪಿಗೆ ಇಲ್ಲದೆ ಅಂಗಾಂಶ ಇಟ್ಟುಕೊಳ್ಳಬಾರದು ಎನ್ನುವ 2004ರ ಮಾನವ ಅಂಗಾಂಶ ಕಾಯ್ದೆ ಹುಟ್ಟಿತು. ಅದರ ಜಾರಿಗೆ ಒಂದು ಪ್ರಾಧಿಕಾರವೂ ಆಯಿತು.

ಆದರೆ ಕಾಯ್ದೆಯ 39ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇತ್ತು. ಅಪರಾಧ ತನಿಖೆಗಾಗಿ ಇಟ್ಟ ಅಂಗಾಂಶಕ್ಕೆ ಈ ನಿಯಮಗಳು ಅನ್ವಯಿಸುವುದಿಲ್ಲ. ಕೊಲೆ ತನಿಖೆಗೆ ಇದು ಬೇಕು, ಆರೋಪಿ ಸತ್ತವರ ಮನೆಯವನೇ ಆಗಿದ್ದರೆ ಅವನನ್ನೇ ಒಪ್ಪಿಗೆ ಕೇಳಲಾಗದು. ಆದರೆ ಪೊಲೀಸರ ಹೆಸರಿನಲ್ಲಿ ಇಟ್ಟದ್ದನ್ನು ಹೊರಗಿನಿಂದ ಬಂದು ಎಣಿಸುವವರು ಯಾರು? 2012ರ ಮೇ ತಿಂಗಳಲ್ಲಿ ಪೊಲೀಸರೇ ಲೆಕ್ಕ ಹಾಕಿದಾಗ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಸುಮಾರು 500 ಅಂಗಗಳು, ದೇಹದ ಭಾಗಗಳು ಸಿಕ್ಕವು. ಎರಡೇ ತಿಂಗಳಿಗೆ ಯೋಧರ ವಿಷಯ ಬಯಲಾಯಿತು. ಅಲ್ಲಿ ತನಿಖೆ ಮಾಡಿದ್ದವರು ಮಿಲಿಟರಿ ಪೊಲೀಸರು.

ಅಮೆರಿಕದಲ್ಲೂ ಇಂಥದ್ದೇ ನೋವಿನ ಕಥೆ ಇದೆ. ಯುದ್ಧದಲ್ಲಿ ಸತ್ತವರನ್ನು ಡೆಲವೇರ್‌ನ ಡೋವರ್ ವಾಯುನೆಲೆಗೆ ತರುತ್ತಾರೆ. ಆಮೇಲೆ ಸಿಗುವ ಭಾಗಗಳನ್ನು ಗೌರವದಿಂದ ನೋಡಿಕೊಳ್ಳಿ ಎಂದು ಮನೆಯವರು ಸಹಿ ಹಾಕಿರುತ್ತಿದ್ದರು. ಆದರೆ 2004ರಿಂದ 2008ರವರೆಗೆ ಕನಿಷ್ಠ 274 ಯೋಧರ ಸುಟ್ಟ ಅವಶೇಷಗಳು ವರ್ಜೀನಿಯಾದ ಕಸದ ಗುಂಡಿ ಸೇರಿದ್ದವು ಎಂದು 2011ರಲ್ಲಿ ಗೊತ್ತಾಯಿತು. ಸಹಿ ಪಡೆದವರು ಗುಂಡಿಯ ಮಾತನ್ನೇ ಎತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ 2005ರಿಂದ ಕರೋನರ್ (ಅನುಮಾನಾಸ್ಪದ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿ) ನಿಯಮಗಳು ಮನೆಯವರ ಮುಂದೆ ಆಯ್ಕೆಗಳನ್ನು ಇಡುತ್ತವೆ: ನಮಗೆ ವಾಪಸ್ ಕೊಡಿ, ಆಸ್ಪತ್ರೆಯವರೇ ಸಂಸ್ಕಾರ ಮಾಡಿ, ಇಲ್ಲವೇ ಸಂಶೋಧನೆಗೆ ಇಟ್ಟುಕೊಳ್ಳಿ ಎಂದು ಅವರು ಹೇಳಬಹುದು. ಮಿದುಳಿನ ಪರೀಕ್ಷೆ ಮುಗಿಯಲಿ, ಎಲ್ಲವನ್ನೂ ಒಟ್ಟಿಗೇ ಮಣ್ಣು ಮಾಡುತ್ತೇವೆ ಎಂದು ಕಾಯಲೂ ಬಹುದು. ಅಧಿಕಾರಿಗಳು ಅವರನ್ನು ಕೇಳಿದರೆ ಮಾತ್ರ ಅವರಿಗೆ ಇದು ಗೊತ್ತಾಗುವುದು.