ಮೂರೂವರೆ ಮಿಲಿಮೀಟರ್ ತೂತಿಗಾಗಿ ಎದ್ದ ಗದ್ದಲ

2016ರ ಸೆಪ್ಟೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದ ಬಿಲ್ ಗ್ರಹಾಂ ಸಭಾಂಗಣದಲ್ಲಿ ಆಪಲ್ ಕಂಪನಿ ಐಫೋನ್ 7 ಅನ್ನು ಬಿಡುಗಡೆ ಮಾಡಿತು. ಹೊಸ ಕ್ಯಾಮೆರಾ, ನೀರು-ದೂಳಿಗೆ ಜಗ್ಗದ ಮೈ, ಹಿಂದಿಗಿಂತ ವೇಗದ ಚಿಪ್, ಹೀಗೆ ಹೇಳಿಕೊಳ್ಳುವುದಕ್ಕೆ ಬೇಕಾದಷ್ಟಿತ್ತು. ಆದರೆ ಜನ ಮಾತಾಡಿದ್ದೆಲ್ಲ ಆ ಫೋನಿನಲ್ಲಿ ಇಲ್ಲದ ಒಂದು ಭಾಗದ ಬಗ್ಗೆ. ಇಯರ್‌ಫೋನಿನ ಪಿನ್ ಚುಚ್ಚುವ ಜ್ಯಾಕನ್ನು ತೆಗೆದುಹಾಕಿದ್ದರು. ಯಾಕೆ ತೆಗೆದಿರಿ ಎಂಬ ಪ್ರಶ್ನೆ ಬರುವುದು ಗೊತ್ತಿದ್ದ ಕಂಪನಿಯ ಮಾರುಕಟ್ಟೆ ಮುಖ್ಯಸ್ಥ ಫಿಲ್ ಶಿಲ್ಲರ್, ವೇದಿಕೆಯ ಮೇಲೆ ನಿಂತು ಅದು ಧೈರ್ಯದ ಕೆಲಸ ಎಂದರು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಬೆಂಕಿ ಹೊತ್ತಿದ್ದು ಆ ದಿನವೇನಲ್ಲ. ಜ್ಯಾಕ್ ಇರುವುದಿಲ್ಲವಂತೆ ಎಂಬ ಸುದ್ದಿ ವರ್ಷದ ಆರಂಭದಲ್ಲೇ ಸೋರಿತ್ತು. ಸಮ್‌ಆಫ್‌ಅಸ್ ಎಂಬ ಗ್ರಾಹಕ ಸಂಘಟನೆ ಆಗಲೇ ಜ್ಯಾಕ್ ತೆಗೆಯಬೇಡಿ ಎಂಬ ಮನವಿಗೆ ಲಕ್ಷಗಟ್ಟಲೆ ಸಹಿ ಸಂಗ್ರಹಿಸಿತ್ತು. ಯಾರೂ ಕೈಯಲ್ಲಿ ಹಿಡಿದು ನೋಡದ, ಇನ್ನೂ ಘೋಷಣೆಯೇ ಆಗದ ವಸ್ತುವಿನ ಮೇಲೆ ಅಷ್ಟು ಜನ ಸಿಟ್ಟಾಗಿದ್ದರು.

ಇದರ ಮುಂದಿನ ಕಥೆಯನ್ನು ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಜನ ಬೈದರು, ಬೈದ ಮೇಲೆ ಕೊಂಡರು. ಅಂಕಿ-ಅಂಶವೂ ಹಾಗೇ ಇದೆ. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಆಪಲ್ ಮಾರಿದ್ದು 7.83 ಕೋಟಿ ಐಫೋನ್, ಅಲ್ಲಿಯವರೆಗೆ ಕಂಪನಿ ಕಂಡ ಅತಿ ಹೆಚ್ಚಿನ ಮಾರಾಟ. ಹಾಗಾಗಿ ಹೊಸ ಮಾಡೆಲ್ ಬಂದಾಗಲೆಲ್ಲ ಏಳುವ ಗದ್ದಲಕ್ಕೆ ಬೆಲೆ ಕೊಡಬೇಕಾಗಿಲ್ಲ ಎನ್ನುವವರು ಬಹಳ. ನನಗೆ ಇದು ಅರ್ಧ ಸತ್ಯವಾಗಿ ಮಾತ್ರ ಕಾಣುತ್ತದೆ. ಆ ಸಿಟ್ಟಿನಲ್ಲಿ ಮನಸ್ಸಿನ ಸ್ವಭಾವದಿಂದ ಉಬ್ಬಿದ ಪಾಲೊಂದಿತ್ತು, ದಿನನಿತ್ಯ ಫೋನ್ ಬಳಸುವವರ ಖಚಿತ ತಿಳಿವಳಿಕೆಯ ಪಾಲೂ ಒಂದಿತ್ತು. ಜೊಳ್ಳು ಯಾವುದು, ಕಾಳು ಯಾವುದು ಎಂದು ಇಷ್ಟು ವರ್ಷಗಳ ಮೇಲೆ ನಾವು ನಿಧಾನವಾಗಿ ಕೇರಿ ನೋಡಬಹುದು. ಮಾರಾಟದ ಅಂಕಿಯೊಂದೇ ಆ ಕೆಲಸ ಮಾಡಲಾರದು. ಒಂದು ಫೋನ್ ಕೊಳ್ಳುವವನು ಕ್ಯಾಮೆರಾ, ಬ್ಯಾಟರಿ, ಮೊದಲೇ ಕೊಂಡಿಟ್ಟ ಆ್ಯಪ್‌ಗಳು, ಕಂತಿನ ಸೌಲಭ್ಯ ಎಲ್ಲವನ್ನೂ ಸೇರಿಸಿ ಕೊಳ್ಳುತ್ತಾನೆ. ಜ್ಯಾಕ್ ಬೇಕೋ ಬೇಡವೋ ಎಂದು ಅಂಗಡಿಯಲ್ಲಿ ಯಾರೂ ಅವನನ್ನು ಪ್ರತ್ಯೇಕವಾಗಿ ಕೇಳುವುದಿಲ್ಲ.

ಮೊದಲು ಆ ಜ್ಯಾಕನ್ನೇ ಹತ್ತಿರದಿಂದ ನೋಡೋಣ. ಮನೆಯಲ್ಲಿ ಮೈಕ್ ಇರುವ ಹಳೆಯ ಇಯರ್‌ಫೋನ್ ಇದ್ದರೆ ಅದರ ಪಿನ್ ಕೈಗೆತ್ತಿಕೊಳ್ಳಿ. ಸುಮಾರು 14 ಮಿಲಿಮೀಟರ್ ಉದ್ದ, 3.5 ಮಿಲಿಮೀಟರ್ ದಪ್ಪ. ಅದರ ಮೇಲೆ ಮೂರು ಕಪ್ಪು ಬಳೆಗಳಿರುತ್ತವೆ. ಅವು ಪ್ಲಾಸ್ಟಿಕ್, ಲೋಹವನ್ನು ನಾಲ್ಕು ತುಂಡಾಗಿ ಬೇರ್ಪಡಿಸುವುದು ಅವುಗಳ ಕೆಲಸ. ತುದಿಯ ತುಂಡು ಎಡಗಿವಿಗೆ, ಅದರ ಹಿಂದಿನದು ಬಲಗಿವಿಗೆ. ಉಳಿದ ಎರಡರಲ್ಲಿ ಒಂದು ಮೈಕಿಗೆ, ಇನ್ನೊಂದು ಎಲ್ಲಕ್ಕೂ ಸಾಮಾನ್ಯವಾದ ಗ್ರೌಂಡ್, ಅಂದರೆ ವಿದ್ಯುತ್ ಮರಳಿ ಹೋಗುವ ದಾರಿ. ತೂತಿನೊಳಗೆ ಸಣ್ಣ ಸ್ಪ್ರಿಂಗ್ ಪಟ್ಟಿಗಳಿದ್ದು, ಒಂದೊಂದೂ ಒಂದೊಂದು ತುಂಡನ್ನು ಒತ್ತಿ ಹಿಡಿಯುತ್ತದೆ. ಇದರ ದೊಡ್ಡಣ್ಣನಂಥ ಕಾಲಿಂಚಿನ ಪಿನ್ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಹುಟ್ಟಿತು. ಒಬ್ಬರ ಕರೆಯನ್ನು ಇನ್ನೊಬ್ಬರ ತಂತಿಗೆ ಜೋಡಿಸಲು ಆಪರೇಟರುಗಳು ಅದನ್ನೇ ಚುಚ್ಚುತ್ತಿದ್ದರು. ಕಿರಿದಾದ ರೂಪ ಟ್ರಾನ್ಸಿಸ್ಟರ್ ರೇಡಿಯೋಗಳ ಜೊತೆ ಬಂದು, 1979ರ ವಾಕ್‌ಮನ್ ನಂತರ ಎಲ್ಲರ ಜೇಬು ಸೇರಿತು.

ಫೋನಿನಲ್ಲಿರುವ ಹಾಡು ಬರೀ ಅಂಕಿಗಳ ಸಾಲು. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಅಂಕಿಗಳು ಒಂದೊಂದು ಕಿವಿಗೂ ಬೇಕು. ಈ ಅಂಕಿಗಳನ್ನು ಏರಿಳಿಯುವ ವೋಲ್ಟೇಜ್ ಆಗಿ ಬದಲಿಸುವ ಚಿಪ್ ಜ್ಯಾಕ್ ಇರುವ ಫೋನಿನ ಒಳಗೇ ಇರುತ್ತದೆ. ಆ ವೋಲ್ಟೇಜ್ ತಂತಿಯಲ್ಲಿ ಹರಿದು ಇಯರ್‌ಫೋನಿನ ತೆಳು ಪೊರೆಯನ್ನು ಅಲುಗಿಸಿದರೆ ಸದ್ದು. ಇದಕ್ಕೆ ಯಾರ ಅನುಮತಿಯೂ ಬೇಡ. ಯಾವ ಕಂಪನಿಯ ಇಯರ್‌ಫೋನ್ ಆದರೂ ಸರಿ, 1985ರಲ್ಲಿ ಕೊಂಡದ್ದಾದರೂ ಸರಿ, ಚುಚ್ಚಿದರೆ ಕೇಳಿಸುತ್ತದೆ.

ಈ ಮುಕ್ತತೆಯಿಂದಾಗಿ ಆ ತೂತಿಗೆ ಯಾರೂ ಎಣಿಸದ ಉಪಯೋಗಗಳು ಹುಟ್ಟಿಕೊಂಡವು. ಅಮೆರಿಕದ ಸ್ಕ್ವೇರ್ ಕಂಪನಿ ಕ್ರೆಡಿಟ್ ಕಾರ್ಡ್ ಉಜ್ಜುವ ಪುಟ್ಟ ಯಂತ್ರವನ್ನು ಜ್ಯಾಕಿಗೇ ಸಿಕ್ಕಿಸುವಂತೆ ಮಾಡಿತು. ಕಾರ್ಡಿನ ಕಾಂತಪಟ್ಟಿಯ ಮಾಹಿತಿ ಮೈಕಿನ ತಂತಿಯಲ್ಲಿ ಸದ್ದಿನಂತೆ ಫೋನಿನೊಳಗೆ ಹೋಗುತ್ತಿತ್ತು. ನಮ್ಮ ಪ್ರವಾಸಿ ತಾಣಗಳಲ್ಲಿ ಮಾರುತ್ತಿದ್ದ ತಂತಿಯ ಸೆಲ್ಫಿ ಸ್ಟಿಕ್ ನೆನಪಿದೆಯಲ್ಲ? ಅದರ ಹಿಡಿಕೆಯ ಗುಂಡಿ ಒತ್ತಿದರೆ ಮೈಕ್ ಮತ್ತು ಗ್ರೌಂಡ್ ನಡುವಿನ ವಿದ್ಯುತ್ ರೋಧ ಬದಲಾಗುತ್ತದೆ. ಇಯರ್‌ಫೋನಿನ ವಾಲ್ಯೂಮ್ ಗುಂಡಿ ಒತ್ತಿದರು ಎಂದು ಫೋನ್ ತಿಳಿಯುತ್ತದೆ. ಕ್ಯಾಮೆರಾ ತೆರೆದಿದ್ದಾಗ ಆ ಗುಂಡಿಗೆ ಫೋಟೊ ತೆಗೆಯುವ ಕೆಲಸ ಇರುವುದರಿಂದ ಫೋಟೊ ಬೀಳುತ್ತದೆ. ಬ್ಯಾಟರಿ ಬೇಡ, ಜೋಡಣೆಯ ತಲೆನೋವಿಲ್ಲ. ಇಂಥ ಜಾಣ್ಮೆ ನೋಡಿದರೆ ನನಗೆ ನಿಜವಾಗಿ ಸಂತೋಷವಾಗುತ್ತದೆ.

ಸರಿ, ಇಷ್ಟು ಸಣ್ಣ ಭಾಗ ಹೋದದ್ದಕ್ಕೆ ಅಷ್ಟು ದೊಡ್ಡ ಸಿಟ್ಟೇಕೆ? ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಒಂದು ವಿಷಯವನ್ನು ಗಣಿತದ ರೂಪದಲ್ಲಿ ಇಟ್ಟರು. ಮನುಷ್ಯ ಲಾಭ-ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ನೂರು ರೂಪಾಯಿ ಕಳೆದುಕೊಂಡ ನೋವು ನೂರು ರೂಪಾಯಿ ಸಿಕ್ಕ ಖುಷಿಗಿಂತ ಹೆಚ್ಚು. ಎಷ್ಟು ಹೆಚ್ಚು ಎಂಬುದು ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುತ್ತದೆ, ಹಲವು ಪ್ರಯೋಗಗಳಲ್ಲಿ ಸುಮಾರು ಎರಡು ಪಟ್ಟು ಕಂಡಿದೆ. 1990ರಲ್ಲಿ ಕಾನೆಮನ್ ಅವರು ರಿಚರ್ಡ್ ಥೇಲರ್ ಮತ್ತು ನೆಟ್ಶ್ ಜೊತೆ ಸೇರಿ ಪ್ರಕಟಿಸಿದ ಪ್ರಯೋಗ ಇನ್ನೂ ಸರಳ. ತರಗತಿಯ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟರು. ಆಮೇಲೆ ಮಗ್ ಇದ್ದವರನ್ನು ಎಷ್ಟಕ್ಕೆ ಮಾರುತ್ತೀರಿ ಎಂದೂ, ಇಲ್ಲದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದೂ ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರ ಬೆಲೆಯ ಎರಡು ಪಟ್ಟಿನ ಆಸುಪಾಸಿನಲ್ಲಿತ್ತು. ಮಗ್ ಅವರ ಕೈ ಸೇರಿ ಬಹಳ ಹೊತ್ತೇನೂ ಆಗಿರಲಿಲ್ಲ.

ಫೋನ್ ಘೋಷಣೆಯ ದಿನ ಈ ಗುಣ ಇನ್ನಷ್ಟು ಹರಿತವಾಗುತ್ತದೆ. ಆ ದಿನ ಲಾಭವೆಲ್ಲ ಬರೀ ಮಾತು, ನಷ್ಟ ಮಾತ್ರ ಕಣ್ಣಿಗೆ ಕಾಣುವಂಥದ್ದು. ಹೊಸ ಕ್ಯಾಮೆರಾ ಎಷ್ಟು ಚೆನ್ನಾಗಿದೆ ಎಂದು ತಿಳಿಯಲು ಫೋನ್ ಕೈಗೆ ಬರಬೇಕು. ಮೇಜಿನ ಖಾನೆಯಲ್ಲಿರುವ ಇಯರ್‌ಫೋನ್ ಕೆಲಸಕ್ಕೆ ಬಾರದು ಎಂಬುದು ಆ ಕ್ಷಣವೇ ಗೊತ್ತು. ಜ್ಯಾಕಿನ ಬದಲಿಗೆ ಎಂದು ತೋರಿಸಿದ ನಿಸ್ತಂತು ಏರ್‌ಪಾಡ್ಸ್ ಕೂಡ ಆಗ ಅಂಗಡಿಗೆ ಬಂದಿರಲಿಲ್ಲ. ಅಕ್ಟೋಬರ್ ಎಂದದ್ದು ಡಿಸೆಂಬರ್‌ಗೆ ಹೋಯಿತು. ಭಾರತದಲ್ಲಿ ಅದರ ಬೆಲೆ 15,400 ರೂಪಾಯಿ. ಆ ದುಡ್ಡಿಗೆ ಇಲ್ಲೊಂದು ಒಳ್ಳೆಯ ಫೋನೇ ಬರುತ್ತಿತ್ತು. ಕಿತ್ತುಕೊಂಡದ್ದು ಮೊದಲು, ಕೊಟ್ಟದ್ದು ಆಮೇಲೆ, ಅದೂ ಬೇರೆ ದುಡ್ಡಿಗೆ. ಸಿಟ್ಟು ಬರದಿದ್ದರೇ ಆಶ್ಚರ್ಯವಿತ್ತು.

ಈಗ ಒಂದೊಂದು ಆಕ್ಷೇಪವನ್ನೂ ಕೇರುವ ಕೆಲಸ.

ಏರ್‌ಪಾಡ್ಸ್ ನೋಡಲು ವಿಚಿತ್ರ, ಕಿವಿಯಿಂದ ಹಲ್ಲುಜ್ಜುವ ಬ್ರಷ್ಷಿನ ತಲೆ ನೇತಾಡಿದ ಹಾಗಿದೆ ಎಂದು ಜನ ಆಡಿಕೊಂಡರು. ಇದು ಉಳಿಯಲಿಲ್ಲ. ಮನಃಶಾಸ್ತ್ರಜ್ಞ ರಾಬರ್ಟ್ ಝಾಯಂಟ್ಸ್ 1968ರಲ್ಲೇ ತೋರಿಸಿದಂತೆ, ಅರ್ಥವಿಲ್ಲದ ಪದವಾಗಲಿ, ಗುರುತಿಲ್ಲದ ಮುಖವಾಗಲಿ, ಮತ್ತೆ ಮತ್ತೆ ಕಣ್ಣಿಗೆ ಬಿದ್ದರೆ ಸಾಕು, ಅದರ ಮೇಲೆ ಒಲವು ಹುಟ್ಟುತ್ತದೆ. ಒಂದೆರಡು ವರ್ಷದಲ್ಲಿ ಮೆಟ್ರೊದಲ್ಲಿ, ಕಾಲೇಜಿನ ಅಂಗಳದಲ್ಲಿ ಅದೇ ಆಕಾರ ಮಾಮೂಲಾಯಿತು, ಬೇರೆ ಕಂಪನಿಗಳೂ ಅದನ್ನೇ ನಕಲು ಮಾಡಿದವು. ಸದ್ದು ಕೆಡುತ್ತದೆ ಎಂಬ ಆಕ್ಷೇಪದಲ್ಲೂ ಉಬ್ಬರವಿತ್ತು. ಹಳೆಯ ಪಿನ್ನನ್ನು ಫೋನಿನ ಚಾರ್ಜಿಂಗ್ ತೂತಿಗೆ ಜೋಡಿಸಲೆಂದು ಪೆಟ್ಟಿಗೆಯಲ್ಲಿ ಕೊಟ್ಟ ಪುಟ್ಟ ಅಡಾಪ್ಟರ್ ಬರೀ ತಂತಿಯಲ್ಲ. ಅಂಕಿಯನ್ನು ವೋಲ್ಟೇಜ್ ಮಾಡುವ ಚಿಪ್ಪನ್ನು ಅದರ ಬೆರಳ ತುದಿಯಷ್ಟು ಜಾಗದಲ್ಲಿ ಅಡಗಿಸಿದ್ದರು, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಇನ್ನು ಕಾಳು. ಚಾರ್ಜ್ ಮಾಡುತ್ತಲೇ ಹಾಡು ಕೇಳಲಾಗದು ಎಂದರು. ನಿಜ, ಎರಡಕ್ಕೂ ಒಂದೇ ತೂತು ಉಳಿದಿತ್ತು. ಮಾರನೆಯ ವರ್ಷ ತಂತಿಯಿಲ್ಲದ ಚಾರ್ಜಿಂಗ್ ಬರುವವರೆಗೆ ಅದಕ್ಕೆ ಬೇರೆ ಸಲಕರಣೆಯೇ ಬೇಕಾಯಿತು. ಅಡಾಪ್ಟರ್ ಇವತ್ತು ಕೊಡುತ್ತೀರಿ, ನಾಳೆ ನಿಲ್ಲಿಸುತ್ತೀರಿ ಎಂದರು. 2018ರ ಹೊಸ ಐಫೋನ್‌ಗಳ ಪೆಟ್ಟಿಗೆಯಲ್ಲಿ ಅಡಾಪ್ಟರ್ ಇರಲಿಲ್ಲ. 2020ರಲ್ಲಿ ಇಯರ್‌ಫೋನೂ ಹೋಯಿತು, ಅದರ ಜೊತೆ ಚಾರ್ಜರೂ ಹೋಯಿತು. ಆಪಲ್ ಒಂದೇ ಕಂಪನಿ ಬಳಸುವ ಲೈಟ್ನಿಂಗ್ ಎಂಬ ಚಾರ್ಜಿಂಗ್ ಪಿನ್ನಿಗೆ ನಮ್ಮನ್ನು ಕಟ್ಟಿಹಾಕುತ್ತೀರಿ ಎಂದರು. ಯುರೋಪಿನ ಒಕ್ಕೂಟ ಎಲ್ಲ ಫೋನಿಗೂ ಒಂದೇ ಬಗೆಯ ಯುಎಸ್‌ಬಿ-ಸಿ ಚಾರ್ಜಿಂಗ್ ಇರಬೇಕೆಂದು ಕಾನೂನು ಮಾಡಿದ ಮೇಲೆ, 2023ರ ಐಫೋನ್ 15ರಲ್ಲಿ ಲೈಟ್ನಿಂಗ್ ಮಾಯವಾಯಿತು. ಅದಕ್ಕೆಂದೇ ಇಯರ್‌ಫೋನ್ ಕೊಂಡವರು ಮತ್ತೆ ಅಡಾಪ್ಟರ್ ಹುಡುಕಬೇಕಾಯಿತು.

ನೀರು ಒಳಗೆ ಹೋಗದಂತೆ ಮಾಡಲು ಜ್ಯಾಕ್ ಅಡ್ಡಿ ಎಂಬ ಸಮರ್ಥನೆಯನ್ನೂ ಜನ ಅಂದೇ ಪ್ರಶ್ನಿಸಿದ್ದರು. ಅದೇ ವರ್ಷ ಬಂದಿದ್ದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7ರಲ್ಲಿ ಜ್ಯಾಕೂ ಇತ್ತು, ನೀರಿನಿಂದ ರಕ್ಷಣೆಯೂ ಐಫೋನ್ 7ಕ್ಕಿಂತ ಒಂದು ಮೆಟ್ಟಿಲು ಮೇಲಿತ್ತು. ಹಳೆಯ ಜ್ಯಾಕಿನ ಜಾಗದಲ್ಲಿ ಏನಿದೆ ಎಂದು ಫೋನ್ ಬಿಚ್ಚಿದವರಿಗೆ ಸಿಕ್ಕ ಭಾಗಗಳಲ್ಲಿ ವಾಯುಭಾರಮಾಪಕಕ್ಕೆ ನೆರವಾಗುವ ಒಂದು ಪ್ಲಾಸ್ಟಿಕ್ ತುಂಡೂ ಇತ್ತು. ನೀರು ಹೋಗದಂತೆ ಬಿಗಿಯಾಗಿ ಮುಚ್ಚಿದ ಫೋನಿನ ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗಿರಲಿ ಎಂದು ಅದನ್ನು ಕೂರಿಸಿದ್ದರು. 2017ರಲ್ಲಿ ಚೀನಾದ ಶೆನ್‌ಜೆನ್‌ನಲ್ಲಿದ್ದ ಅಮೆರಿಕನ್ ಎಂಜಿನಿಯರ್ ಒಬ್ಬರು ಆ ತುಂಡನ್ನು ತೆಗೆದು, ಅಡಾಪ್ಟರಿನ ಚಿಪ್ಪನ್ನು ಒಳಗೇ ಬೆಸೆದು, ಐಫೋನ್ 7ಕ್ಕೆ ಕೆಲಸ ಮಾಡುವ ಜ್ಯಾಕ್ ಕೂರಿಸಿ ತೋರಿಸಿದರು. ಮೈ ಕೊರೆದಿದ್ದರಿಂದ ನೀರಿನ ರಕ್ಷಣೆ ಹೋಯಿತು ಅನ್ನಿ. ಆದರೆ ಜಾಗವೇ ಇರಲಿಲ್ಲ ಎಂದು ಹೇಳುವುದು ಆ ಮೇಲೆ ಕಷ್ಟವಾಯಿತು.

ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು ತ್ಯಾಜ್ಯದ ಮಾತು. ಸಹಿ ಸಂಗ್ರಹದವರೂ ಅದನ್ನೇ ಮುಂದಿಟ್ಟಿದ್ದರು. ತಂತಿಯ ಇಯರ್‌ಫೋನಿಗೆ ಬೇಕಾದ ಅತ್ಯಲ್ಪ ಶಕ್ತಿ ಫೋನಿನಿಂದಲೇ ಹರಿದು ಬರುತ್ತದೆ. ನಿಸ್ತಂತು ಇಯರ್‌ಫೋನ್ ರೇಡಿಯೋ ಅಲೆ ಹಿಡಿಯಬೇಕು, ಅಂಕಿ ಬಿಡಿಸಬೇಕು, ಪೊರೆ ಅಲುಗಿಸಬೇಕು. ಅದಕ್ಕೆ ಸ್ವಂತ ಬ್ಯಾಟರಿ ಬೇಕು. ಮೊದಲ ಏರ್‌ಪಾಡ್ಸ್‌ನ ಒಂದೊಂದರಲ್ಲೂ ಇದ್ದದ್ದು 93 ಮಿಲಿವ್ಯಾಟ್-ಗಂಟೆಯ ಬ್ಯಾಟರಿ, ಐಫೋನ್ 7ರ ಬ್ಯಾಟರಿಯ ಎಂಬತ್ತರಲ್ಲಿ ಒಂದು ಪಾಲು. ತುಂಬಿದರೆ ಐದು ಗಂಟೆ ಬರುತ್ತದೆ ಎಂದರೆ, ದಿನವೆಲ್ಲ ಬಳಸುವವರು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ತುಂಬಬೇಕು. ಲಿಥಿಯಂ ಬ್ಯಾಟರಿ ಒಂದೊಂದು ಸಲ ತುಂಬಿ ಖಾಲಿಯಾದಾಗಲೂ ಚೂರು ಚೂರೇ ಸವೆಯುತ್ತದೆ. ಕೆಲವು ನೂರು ಸುತ್ತಿನ ನಂತರ ಸವೆತ ಎದ್ದು ಕಾಣುತ್ತದೆ. ಫೋನಿನ ಬ್ಯಾಟರಿಯನ್ನಾದರೂ ರಿಪೇರಿ ಅಂಗಡಿಯಲ್ಲಿ ಬದಲಿಸಬಹುದು. ಇಲ್ಲಿ ಎಲ್ಲವನ್ನೂ ಗೋಂದಿನಿಂದ ಅಂಟಿಸಿದ್ದರು. ಉಪಕರಣಗಳನ್ನು ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಏರ್‌ಪಾಡ್ಸ್‌ಗೆ ದುರಸ್ತಿಯ ವಿಷಯದಲ್ಲಿ ಹತ್ತಕ್ಕೆ ಸೊನ್ನೆ ಕೊಟ್ಟಿತು. ಸವೆದರೆ ಎಸೆಯುವುದೊಂದೇ ದಾರಿ. ರಿಪೇರಿ ಎಂದರೆ ಗೌರವದ ಕಸುಬು ಎನ್ನುವ ಎಸ್.ಪಿ. ರಸ್ತೆಯಂಥ ಜಾಗವಿರುವ ಊರಿನವರಿಗೆ ಇದು ಸಣ್ಣ ಬದಲಾವಣೆಯಲ್ಲ.

ಗೇಲಿ ಮಾಡಿದ ಕಂಪನಿಗಳು ಕೂಡ ಹಿಂದೆಯೇ ಬಂದವು. ಗೂಗಲ್ 2016ರ ಪಿಕ್ಸೆಲ್ ಫೋನಿನಲ್ಲಿ ಜ್ಯಾಕ್ ಇದೆ ಎಂದು ಜಾಹೀರಾತಿನಲ್ಲೇ ಹೇಳಿಕೊಂಡು, ಮಾರನೆಯ ವರ್ಷ ಪಿಕ್ಸೆಲ್ 2ರಲ್ಲಿ ತೆಗೆಯಿತು. ಸ್ಯಾಮ್‌ಸಂಗ್ 2019ರ ನೋಟ್ 10ರಲ್ಲಿ ಕೈಬಿಟ್ಟಿತು. ಅದೇ 2019ರಲ್ಲಿ ಐಫೋನ್ 7 ನಮ್ಮ ಬೆಂಗಳೂರಿನ ವಿಸ್ಟ್ರಾನ್ ಘಟಕದಲ್ಲೇ ಜೋಡಣೆಯಾಗತೊಡಗಿತು. ಅಷ್ಟರಲ್ಲಿ ಗದ್ದಲ ಮುಗಿದೇಹೋಗಿತ್ತು.

ಮುಗಿಯದೆ ಉಳಿದ ಒಂದು ನಷ್ಟವಿದೆ, ಅದನ್ನು ಸ್ಯಾನ್ ಫ್ರಾನ್ಸಿಸ್ಕೋದ ಚರ್ಚೆಯಲ್ಲಿ ಎತ್ತಿದವರು ಕಡಿಮೆ. ಐಫೋನಿನಲ್ಲಿ ಎಫ್‌ಎಂ ರೇಡಿಯೋ ಮೊದಲೂ ಇರಲಿಲ್ಲ, ಹಾಗಾಗಿ ಅದರ ಬಳಕೆದಾರರಿಗೆ ಇದು ತಟ್ಟಲಿಲ್ಲ. ತಟ್ಟಿದ್ದು ಆಪಲ್ ದಾರಿಯನ್ನೇ ಹಿಡಿದ ಆಂಡ್ರಾಯ್ಡ್ ಫೋನ್‌ಗಳನ್ನು ಕೊಂಡವರಿಗೆ. ಎಫ್‌ಎಂ ಅಲೆಗಳ ಉದ್ದ ಸುಮಾರು ಮೂರು ಮೀಟರ್. ಅವನ್ನು ಚೆನ್ನಾಗಿ ಹಿಡಿಯಲು ಮುಕ್ಕಾಲು ಮೀಟರಿನಷ್ಟಾದರೂ ಉದ್ದದ ಲೋಹ ಬೇಕು, ಗೇಣುದ್ದದ ಫೋನಿನ ಮೈ ಸಾಲದು. ಇಯರ್‌ಫೋನಿನ ತಂತಿಯೇ ಆ ಆಂಟೆನಾ ಆಗಿತ್ತು. ತಂತಿ ಚುಚ್ಚದಿದ್ದರೆ ರೇಡಿಯೋ ಹಾಡುವುದಿಲ್ಲ ಎಂಬುದು ಹೊಲದಲ್ಲಿ, ಬಸ್ಸಿನಲ್ಲಿ ಆಕಾಶವಾಣಿ ಕೇಳುವ ಎಲ್ಲರಿಗೂ ಗೊತ್ತಿದ್ದ ಸಂಗತಿ. ನೆರೆ, ಚಂಡಮಾರುತ ಬಂದು ಮೊಬೈಲ್ ಟವರ್‌ಗಳು ಕೆಟ್ಟು ನಿಂತಾಗ ಸುದ್ದಿ ತಲುಪಿಸುವುದು ಇದೇ ರೇಡಿಯೋ. ಇದನ್ನು ಮನಗಂಡು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ಫೋನ್ ತಯಾರಕರಿಗೆ ಸಲಹಾಪತ್ರ ಕಳಿಸಿ, ಎಫ್‌ಎಂ ಸೌಲಭ್ಯ ಇರುವ ಫೋನ್‌ಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಾರದು ಎಂದಿತು. ಚಿಪ್ ಚಾಲೂ ಇಟ್ಟರಷ್ಟೇ ಸಾಲದು. ಜ್ಯಾಕ್ ಇಲ್ಲದ ಫೋನಿಗೆ ಯುಎಸ್‌ಬಿ-ಸಿ ತೂತಿನ ಮೂಲಕವಾದರೂ ಒಂದು ತಂತಿಯನ್ನು ಆಂಟೆನಾ ಆಗಿ ಬಳಸುವ ಏರ್ಪಾಡು ಬೇಕು. ಕೆಲವು ಕಂಪನಿಗಳು ಅದನ್ನು ಮಾಡಿವೆ. ಮುಂದಿನ ಸಲ ಫೋನ್ ಕೊಳ್ಳುವಾಗ ಅಂಗಡಿಯವರನ್ನು ಇದನ್ನೂ ಕೇಳಿ.